ಉರಿಯೂತದ ರಕ್ತಪರೀಕ್ಷೆ: ಅಂಕಿಯ ಜೊತೆ ಗಂಟೆಯನ್ನೂ ನೋಡಬೇಕು

ಜ್ವರ ಬಂದ ಮೂರನೆಯ ದಿನ ಲ್ಯಾಬಿನಿಂದ ಬಂದ ಹಾಳೆಯಲ್ಲಿ ‘ಸಿಆರ್‌ಪಿ 48’ ಎಂದಿದೆ. ಉರಿಯೂತವಾದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನು ಈ ಸಿಆರ್‌ಪಿ. ಪಕ್ಕದ ಕಾಲಂನಲ್ಲಿ ಸಾಮಾನ್ಯ ಮಿತಿ ಲೀಟರಿಗೆ 5 ಮಿಲಿಗ್ರಾಂ ಒಳಗೆ ಎಂದು ಅಚ್ಚಾಗಿದೆ. ಹತ್ತು ಪಟ್ಟು ಹೆಚ್ಚು ಎಂದು ಮನೆಮಂದಿಗೆಲ್ಲ ದಿಗಿಲು. ಆದರೆ ಆ 48 ಏರುವಾಗ ಸಿಕ್ಕ ಅಂಕಿಯೋ, ಇಳಿಯುವಾಗ ಸಿಕ್ಕದ್ದೋ ಎಂಬುದು ಹಾಳೆಯಲ್ಲಿಲ್ಲ. ನಿನ್ನೆ 12 ಇದ್ದು ಇವತ್ತು 48 ಆಗಿದ್ದರೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಬಹುದು. ಮೊನ್ನೆ 190 ಇದ್ದು ಇವತ್ತು 48ಕ್ಕೆ ಬಂದಿದ್ದರೆ ಅದೇ ರೋಗಿ ಮನೆಗೆ ಹೊರಡುವ ತಯಾರಿಯಲ್ಲಿರಬಹುದು. ಉರಿಯೂತ ಅಳೆಯುವ ಪರೀಕ್ಷೆಗಳಲ್ಲಿ ಆಗುವ ತಪ್ಪುಗಳಲ್ಲಿ ಹಲವು ಈ ಕಾಲದ ಲೆಕ್ಕ ತಪ್ಪುವುದರಿಂದ ಆಗುತ್ತವೆ: ಕಾಯಿಲೆ ಶುರುವಾಗಿ ಎಷ್ಟು ಗಂಟೆಗೆ ರಕ್ತ ತೆಗೆದರು, ತೆಗೆದ ಮೇಲೆ ಟ್ಯೂಬು ಎಷ್ಟು ಹೊತ್ತು ಮೇಜಿನ ಮೇಲಿತ್ತು, ಮತ್ತೆ ಯಾವಾಗ ಪರೀಕ್ಷೆ ಮಾಡಿದರು.

ಸುದ್ದಿ ಹೊರಡುವುದು ಎಲ್ಲಿಂದ

ಕಾಲಿಗೆ ಮುಳ್ಳು ಚುಚ್ಚಿ, ಮುರಿದು ಒಳಗೇ ಉಳಿಯಿತು ಎನ್ನೋಣ. ಅದರ ಜೊತೆ ಬ್ಯಾಕ್ಟೀರಿಯಾ ಒಳಹೊಕ್ಕಿದೆ. ಚರ್ಮದಡಿಯಲ್ಲಿ ಸದಾ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಅದನ್ನು ಗುರುತು ಹಿಡಿದು, ಗಂಟೆ ಎರಡು ಗಂಟೆಯೊಳಗೆ ಕೆಲವು ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಒಂದು ಜೀವಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಈ ಪ್ರೋಟೀನುಗಳೇ ಸೈಟೊಕೈನ್‌ಗಳು. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಇವುಗಳಲ್ಲಿ ಮೊದಲು ಹೊರಡುವವು. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದರ ಹಿಂದೆ ಇವುಗಳ ಕೈವಾಡವಿದೆ. ರಕ್ತಕ್ಕೆ ಸೇರಿದ ಪಾಲು ಮಿದುಳಿಗೆ ಮುಟ್ಟಿದರೆ ಜ್ವರ ಬರುತ್ತದೆ. ಲಿವರಿಗೆ ಮುಟ್ಟಿದರೆ ಅಲ್ಲಿ ತಯಾರಾಗುವ ಪ್ರೋಟೀನುಗಳ ಪಟ್ಟಿಯೇ ಬದಲಾಗುತ್ತದೆ.

ಈ ಸುದ್ದಿ ಎಷ್ಟು ಸಣ್ಣ ಪ್ರಮಾಣದಲ್ಲಿ ಹರಿಯುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸಲೀಸು. ಆರೋಗ್ಯವಂತರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6, ಅಂದರೆ ಐಎಲ್-6, ಒಂದು ಮಿಲಿಲೀಟರಿಗೆ ಸುಮಾರು 7 ಪಿಕೊಗ್ರಾಂಗಿಂತ ಕಡಿಮೆ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೊಗ್ರಾಂ. ಲಿವರ್ ಈ ಸಣ್ಣ ಸುದ್ದಿಯನ್ನು ಓದಿಕೊಂಡು ಸಿ-ರಿಯಾಕ್ಟಿವ್ ಪ್ರೋಟೀನನ್ನು, ನಮ್ಮ ಸಿಆರ್‌ಪಿಯನ್ನು, ಧಾರಾಳವಾಗಿ ತಯಾರಿಸುತ್ತದೆ. ಸಾಮಾನ್ಯ ಮಿತಿಯ ಮೇಲ್ತುದಿಯನ್ನೇ ತೆಗೆದುಕೊಂಡರೂ ಸಿಆರ್‌ಪಿಯ ತೂಕ ಐಎಲ್-6ರ ಸುಮಾರು ಏಳು ಲಕ್ಷ ಪಟ್ಟು. ಪಿಸುಮಾತನ್ನು ಲಿವರ್ ಡಂಗುರ ಹೊಡೆದು ಸಾರಿದ ಹಾಗೆ. ಡಂಗುರ ಕೇಳಿಸಿಕೊಳ್ಳಲು ಅಗ್ಗದ ಸಾಮಾನು ಸಾಕು, ಪಿಸುಮಾತು ಹಿಡಿಯಲು ದುಬಾರಿ ಯಂತ್ರ ಬೇಕು. ಸಿಆರ್‌ಪಿ ತಾಲ್ಲೂಕು ಕೇಂದ್ರದಲ್ಲೂ ಸಿಗುವುದು, ಐಎಲ್-6 ದೊಡ್ಡ ಊರಿಗೇ ಹೋಗಬೇಕಾದದ್ದು ಇದರಿಂದ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲ್ಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಸಿಆರ್‌ಪಿಯನ್ನು ಕಂಡರು. ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಸಕ್ಕರೆಯಂಥ ಅಂಶದ ಜೊತೆ ಅದು ಕೂಡಿಕೊಂಡು ಗರಣೆಗಟ್ಟುತ್ತಿತ್ತು. ಹೆಸರಿನ ‘ಸಿ’ ಅಲ್ಲಿಂದ ಬಂತು. ಅದನ್ನು ಲಿವರಿನಲ್ಲಿ ತಯಾರಿಸುವಂತೆ ಮಾಡುವ ಐಎಲ್-6ರ ಜೀನನ್ನು ಬೇರ್ಪಡಿಸಲು 1986 ಬರಬೇಕಾಯಿತು. ಒಸಾಕಾ ವಿಶ್ವವಿದ್ಯಾಲಯದ ತೊಶಿಯೊ ಹಿರಾನೊ, ತದಮಿತ್ಸು ಕಿಶಿಮೊಟೊ ಅವರ ತಂಡದ ಕೆಲಸ ಅದು.

ಹತ್ತೊಂಬತ್ತು ಗಂಟೆಯ ಲೆಕ್ಕ

ಸೋಂಕು ತಗುಲಿ 6ರಿಂದ 8 ಗಂಟೆಗೆ ಸಿಆರ್‌ಪಿ ಏರತೊಡಗುತ್ತದೆ, ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ರಾತ್ರಿ ಹೊಟ್ಟೆನೋವು ಶುರುವಾಗಿ ಮೂರೇ ಗಂಟೆಗೆ ರಕ್ತ ಕೊಟ್ಟರೆ, ಅಪೆಂಡಿಕ್ಸ್ ಊದಿಕೊಂಡಿದ್ದರೂ ವರದಿ ‘ನಾರ್ಮಲ್’ ಎಂದೇ ಬರಬಹುದು. ಹಸುಗೂಸುಗಳಲ್ಲಿ ಇದು ಇನ್ನೂ ಸೂಕ್ಷ್ಮ. ಹುಟ್ಟಿದ ಮೊದಲ ಗಂಟೆಗಳಲ್ಲಿ ಸಿಆರ್‌ಪಿ ಕಡಿಮೆ ಇದೆಯೆಂದು ಸೋಂಕಿಲ್ಲ ಎನ್ನಲಾಗದು. ಮೊದಲ ಪರೀಕ್ಷೆಯಾಗಿ 18ರಿಂದ 24 ಗಂಟೆಗೆ ಇನ್ನೊಂದು ಪರೀಕ್ಷೆ ಮಾಡುವುದು ಇದಕ್ಕಾಗಿ. ಮಗುವಿಗೆ ಮತ್ತೆ ಯಾಕೆ ಚುಚ್ಚುತ್ತೀರಿ ಎಂದು ಬಾಣಂತಿಯ ಕಡೆಯವರು ಸಂಕಟಪಡುತ್ತಾರೆ, ಸಹಜವೇ. ಆದರೆ ಆ ಎರಡನೆಯ ಚುಚ್ಚಿನಲ್ಲೇ ನಿಜವಾದ ಉತ್ತರ ಇರುವುದು.

ಇಳಿಯುವ ಲೆಕ್ಕ ಇನ್ನೂ ನೇರ. ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತದೆ. ಕಾಯಿಲೆ ಯಾವುದೇ ಇರಲಿ ಈ ವೇಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮಟ್ಟ ಇಳಿಯಲಿಲ್ಲ ಎಂದರೆ ಲಿವರ್ ಇನ್ನೂ ತಯಾರಿಸುತ್ತಲೇ ಇದೆ, ಸುದ್ದಿ ಇನ್ನೂ ಬರುತ್ತಲೇ ಇದೆ ಎಂದರ್ಥ. ಸೋಮವಾರ ಬೆಳಿಗ್ಗೆ 160 ಇದ್ದ ರೋಗಿಗೆ ಆ್ಯಂಟಿಬಯಾಟಿಕ್ ಶುರು ಮಾಡಿದರು ಎನ್ನಿ. ತಯಾರಿಕೆ ಆ ಕ್ಷಣವೇ ನಿಂತುಬಿಟ್ಟಿದ್ದರೆ ಬುಧವಾರ ಬೆಳಿಗ್ಗೆಗೆ 28ರ ಹತ್ತಿರ ಇರಬೇಕು. ಹಾಗೆ ಥಟ್ಟನೆ ನಿಲ್ಲುವುದಿಲ್ಲ, ಮೊದಲ ದಿನ ಇನ್ನಷ್ಟು ಏರುವುದೂ ಉಂಟು. ಬುಧವಾರ 80ರ ಆಸುಪಾಸಿಗೆ ಬಂದಿದ್ದರೆ ಔಷಧ ನಾಟಿದೆ. ಇನ್ನೂ 155 ಇದ್ದರೆ ವೈದ್ಯರು ಬೇರೆ ಕಡೆ ಹುಡುಕಬೇಕು: ಎಲ್ಲಾದರೂ ಕೀವು ಕಟ್ಟಿ ನಿಂತಿದೆಯೇ, ಆ್ಯಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಕ್ಕೆ ತಕ್ಕದ್ದಲ್ಲವೇ, ಇಷ್ಟಕ್ಕೂ ಇದು ಸೋಂಕೇ ಹೌದೇ. ಕೀವು ಕಟ್ಟಿದ್ದರೆ ಎಷ್ಟು ಮಾತ್ರೆ ನುಂಗಿದರೂ ಸಿಆರ್‌ಪಿ ಜಗ್ಗದು. ಅದನ್ನು ಹೊರತೆಗೆದ ಮರುದಿನವೇ ಇಳಿಯತೊಡಗುತ್ತದೆ.

100 ದಾಟಿದ ಸಿಆರ್‌ಪಿ ಬ್ಯಾಕ್ಟೀರಿಯಾ ಸೋಂಕಿನ ಕಡೆ ಬೆರಳು ತೋರುತ್ತದೆ, ಆದರೆ ಸಾಬೀತು ಮಾಡುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯ, ಗೌಟ್, ತೀವ್ರ ಕೋವಿಡ್ ಕೂಡ ಅಲ್ಲಿಗೆ ಮುಟ್ಟಿಸುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡೆಂಗಿಯೂ ಇಲಿಜ್ವರವೂ ಮೈಕೈನೋವು, ತಗ್ಗಿದ ಪ್ಲೇಟ್‌ಲೆಟ್ ಎಂದು ಒಂದೇ ಥರ ಕಾಣಿಸಿಕೊಳ್ಳುವಾಗ ಸಿಆರ್‌ಪಿ ಒಂದು ಸುಳಿವು ಕೊಡುತ್ತದೆ. ಡೆಂಗಿಯಲ್ಲಿ ಅದು ಸಾಮಾನ್ಯವಾಗಿ ತಗ್ಗಿನಲ್ಲೇ ಇರುತ್ತದೆ, ಇಲಿಜ್ವರದಲ್ಲಿ ಎತ್ತರಕ್ಕೆ ಹೋಗುತ್ತದೆ. ಇದು ಸುಳಿವು ಮಾತ್ರ. ಖಚಿತಪಡಿಸಲು ಆಯಾ ಜ್ವರದ್ದೇ ಪರೀಕ್ಷೆ ಬೇಕು.

ಸೋಂಕು ಬ್ಯಾಕ್ಟೀರಿಯಾದ್ದೋ ಅಲ್ಲವೋ ಎಂದು ಇನ್ನಷ್ಟು ಸ್ಪಷ್ಟವಾಗಿ ತಿಳಿಯಬೇಕಾದಾಗ ರಕ್ತದಲ್ಲಿ ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಪ್ರೋಟೀನನ್ನು ನೋಡುತ್ತಾರೆ. ಮಿಲಿಲೀಟರಿಗೆ 0.1 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಬ್ಯಾಕ್ಟೀರಿಯಾ ಸೋಂಕಿನ ಸಾಧ್ಯತೆ ತೀರ ಕಡಿಮೆ, 0.5 ದಾಟಿದರೆ ಬಲವಾದ ಶಂಕೆ. ಬೆಲೆ ಸಿಆರ್‌ಪಿಗಿಂತ ಬಹಳ ಹೆಚ್ಚು. ಐಸಿಯುನಲ್ಲಿ ಆ್ಯಂಟಿಬಯಾಟಿಕ್ ಯಾವಾಗ ನಿಲ್ಲಿಸಬಹುದು ಎಂದು ನಿರ್ಧರಿಸಲು ಆ ಖರ್ಚು ಸಾರ್ಥಕ. ಸಾಧಾರಣ ನೆಗಡಿ ಜ್ವರಕ್ಕೆ ಬೇಕಿಲ್ಲ.

ಹಾಲು ಒಡೆದಂತೆ

ಯಂತ್ರ ಇಲ್ಲದ ಸಣ್ಣ ಲ್ಯಾಬುಗಳಲ್ಲಿ ಸಿಆರ್‌ಪಿಯನ್ನು ಸ್ಲೈಡಿನ ಮೇಲೆ ನೋಡುತ್ತಾರೆ. ಕಪ್ಪು ವೃತ್ತದೊಳಗೆ ಒಂದು ಹನಿ ಸೀರಂ, ಅದರ ಪಕ್ಕ ಹಾಲಿನಂತೆ ಬೆಳ್ಳಗಿರುವ ಲೇಟೆಕ್ಸ್ ದ್ರವ ಒಂದು ಹನಿ. ಆ ಬಿಳುಪಿನ ಕಣಕಣಕ್ಕೂ ಸಿಆರ್‌ಪಿಯನ್ನು ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ಕಡ್ಡಿಯಿಂದ ಎರಡನ್ನೂ ಕಲಸಿ ಎರಡು ನಿಮಿಷ ಸ್ಲೈಡನ್ನು ಮೆಲ್ಲಗೆ ತಿರುಗಿಸುತ್ತಾ ಇದ್ದರೆ, ಸಿಆರ್‌ಪಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ದಾಟಿರುವ ರಕ್ತದಲ್ಲಿ ಹಾಲು ಒಡೆದ ಹಾಗೆ ಗರಣೆ ಕಾಣುತ್ತದೆ. ವರದಿಯಲ್ಲಿ ‘ಪಾಸಿಟಿವ್’. ಎಷ್ಟು ಎಂದು ತಿಳಿಯಲು ಸೀರಂ ಅನ್ನು ಸಲೈನಿನಲ್ಲಿ ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುಮಾಡುತ್ತಾ ಹೋಗಿ, ಗರಣೆ ಕಂಡ ಕೊನೆಯ ಪಟ್ಟನ್ನು 6ರಿಂದ ಗುಣಿಸುತ್ತಾರೆ. ಎಂಟು ಪಟ್ಟಿನವರೆಗೆ ಕಂಡರೆ 48. ಹಾಗಾಗಿ ಈ ವಿಧಾನದಲ್ಲಿ 6, 12, 24, 48, 96 ಬಿಟ್ಟರೆ ನಡುವಿನ ಅಂಕಿ ಬರುವುದೇ ಇಲ್ಲ. 24 ಇದ್ದದ್ದು 48 ಆಯಿತು ಎಂದರೆ ಒಂದು ಮೆಟ್ಟಿಲು ಏರಿತು, ಅಷ್ಟೇ.

ಇಲ್ಲಿ ತಪ್ಪುವುದು ಎರಡು ಕಡೆ. ಎರಡು ನಿಮಿಷ ಕಳೆದು ನೋಡಿದರೆ ಹನಿ ಅಂಚಿನಲ್ಲಿ ಒಣಗಿ ಗರಣೆಯಂತೆಯೇ ಕಾಣುತ್ತದೆ. ಇಲ್ಲದ ಸಿಆರ್‌ಪಿ ಇದೆ ಎಂದು ಬರುತ್ತದೆ. ಇನ್ನೊಂದು ನಿಜಕ್ಕೂ ಅಪಾಯದ್ದು. ಸಿಆರ್‌ಪಿ ವಿಪರೀತ ಹೆಚ್ಚಿದ್ದರೆ ಪ್ರತಿಯೊಂದು ಲೇಟೆಕ್ಸ್ ಕಣಕ್ಕೂ ಬೇಕಾದಷ್ಟು ಸಿಆರ್‌ಪಿ ಮುತ್ತಿಕೊಂಡು, ಒಂದನ್ನೊಂದು ಕೂಡಿಸುವ ಕೊಂಡಿಗೆ ಜಾಗವೇ ಉಳಿಯುವುದಿಲ್ಲ. ಗರಣೆಗಟ್ಟದೆ ವರದಿ ‘ನೆಗೆಟಿವ್’ ಎಂದು ಬರುತ್ತದೆ. ಇದಕ್ಕೆ ಪ್ರೊಜೋನ್ ಎನ್ನುತ್ತಾರೆ. ರೋಗಿ ತೀರ ಬಳಲಿದ್ದು ಸ್ಲೈಡ್ ಪರೀಕ್ಷೆ ನೆಗೆಟಿವ್ ಬಂದರೆ ಅದೇ ಸೀರಂ ಅನ್ನು ತೆಳುಮಾಡಿ ಮತ್ತೊಮ್ಮೆ ನೋಡಲೇಬೇಕು.

ಯಂತ್ರದ ವರದಿಯಲ್ಲಿ ಅಳತೆಯ ಮಾನ ನೋಡದೆ ಮುಂದೆ ಹೋಗಬೇಡಿ. ಕೆಲವು ಲ್ಯಾಬುಗಳು ಲೀಟರಿನ ಲೆಕ್ಕದಲ್ಲಿ ಬರೆದರೆ ಕೆಲವು ಡೆಸಿಲೀಟರಿನ ಲೆಕ್ಕದಲ್ಲಿ ಬರೆಯುತ್ತವೆ. ಡೆಸಿಲೀಟರಿಗೆ 4.8 ಎಂದರೆ ಲೀಟರಿಗೆ 48. ನಡುವೆ ಲ್ಯಾಬು ಬದಲಾಯಿಸಿದವರು ರಾತ್ರೋರಾತ್ರಿ ಗುಣವಾಯಿತೆಂದು ಹಿಗ್ಗಿದ್ದೂ ಉಂಟು, ಹತ್ತು ಪಟ್ಟು ಏರಿತೆಂದು ಕಂಗಾಲಾದದ್ದೂ ಉಂಟು.

ಇಎಸ್‌ಆರ್ ಏಕೆ ನಿಧಾನ

ರಕ್ತದ ಕೆಂಪು ಕಣಗಳು ಕೆಳಗಿಳಿಯುವ ವೇಗವೇ ಇಎಸ್‌ಆರ್. ಅದನ್ನು ಅಳೆಯುವ ವೆಸ್ಟರ್‌ಗ್ರೆನ್ ವಿಧಾನದಲ್ಲಿ ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ಬೆರೆಸಿ, 200 ಮಿಲಿಮೀಟರ್ ಗುರುತಿನ ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣ ಎಷ್ಟು ಕೆಳಗಿಳಿಯಿತು ಎಂದು ಅಳೆಯುತ್ತಾರೆ. ಉರಿಯೂತದಲ್ಲಿ ಹೆಚ್ಚುವ ಫೈಬ್ರಿನೋಜನ್ ಎಂಬ ಪ್ರೋಟೀನು ಕೆಂಪು ಕಣಗಳನ್ನು ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಅಂಟಿಸುತ್ತದೆ; ಭಾರವಾದ ಪೇರು ಬೇಗ ಇಳಿಯುತ್ತದೆ. ಫೈಬ್ರಿನೋಜನ್ ರಕ್ತದಲ್ಲಿ ದಿನಗಟ್ಟಲೆ ಉಳಿಯುವುದರಿಂದ ಕಾಯಿಲೆ ವಾಸಿಯಾದ ಮೇಲೂ ಇಎಸ್‌ಆರ್ ವಾರಗಟ್ಟಲೆ ಹೆಚ್ಚೇ ಇರುತ್ತದೆ. ರಕ್ತಹೀನತೆ, ಬಸಿರು, ವಯಸ್ಸು ಇವಿಷ್ಟೂ ಅದನ್ನು ಏರಿಸುತ್ತವೆ. ಕೊಳವೆ ಮೂರು ಡಿಗ್ರಿ ವಾಲಿದರೂ, ಅದೇ ಮೇಜಿನ ಮೇಲೆ ಸೆಂಟ್ರಿಫ್ಯೂಜ್ ಗುಂಯ್‌ಗುಡುತ್ತಿದ್ದರೂ ಅಂಕಿ ಕೆಡುತ್ತದೆ. ಟಿಬಿ, ಸಂಧಿವಾತದಂಥ ದೀರ್ಘ ಕಾಯಿಲೆಗಳಲ್ಲಿ ಇದಕ್ಕೆ ಈಗಲೂ ಬೆಲೆಯಿದೆ. ನಿನ್ನೆ ಶುರುವಾದ ಜ್ವರಕ್ಕೆ ಸಿಆರ್‌ಪಿಯೇ ಸರಿ.

ಮೈಯ ರಕ್ಷಣಾ ವ್ಯವಸ್ಥೆ ಮೈಯ ಮೇಲೇ ಎರಗುವ ಲೂಪಸ್ ಕಾಯಿಲೆ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಕಾಯಿಲೆ ಕೆರಳಿ ಇಎಸ್‌ಆರ್ 90ಕ್ಕೆ ಹೋಗಿದ್ದರೂ ಸಿಆರ್‌ಪಿ ಅನೇಕ ವೇಳೆ ತಗ್ಗಿಯೇ ಇರುತ್ತದೆ. ಲೂಪಸ್ ರೋಗಿಗೆ ಜ್ವರ ಬಂದು ಸಿಆರ್‌ಪಿಯೂ ಜಿಗಿದರೆ ಕೆರಳಿದ್ದು ಲೂಪಸ್ಸೋ, ಒಳಗೆ ಸೋಂಕು ಹೊಕ್ಕಿದೆಯೋ ಎಂದು ಕೂಡಲೇ ನೋಡಬೇಕು. ಎರಡೂ ಪರೀಕ್ಷೆಯನ್ನು ಜೊತೆಗೆ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವಿಲ್ಲ.

ಪಿಸುಮಾತನ್ನೇ ಹಿಡಿಯುವುದು

ಐಎಲ್-6ನಂಥ ಸೈಟೊಕೈನ್ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಎಲೈಸಾ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಒಂದೊಂದು ಗುಳಿಯ ತಳಕ್ಕೂ ಐಎಲ್-6 ಹಿಡಿಯುವ ಪ್ರತಿಕಾಯ ಬಳಿದಿರುತ್ತದೆ. ರೋಗಿಯ ಪ್ಲಾಸ್ಮಾ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವ, ಹಾಕಿ ಒಂದೆರಡು ಗಂಟೆ ಬಿಟ್ಟರೆ ಐಎಲ್-6 ತಳಕ್ಕೆ ಸಿಕ್ಕಿಕೊಳ್ಳುತ್ತದೆ. ತೊಳೆದು, ಅದೇ ಪ್ರೋಟೀನಿನ ಇನ್ನೊಂದು ಭಾಗವನ್ನು ಹಿಡಿಯುವ ಎರಡನೆಯ ಪ್ರತಿಕಾಯ ಹಾಕುತ್ತಾರೆ. ಮತ್ತೆ ತೊಳೆದು, ಆ ಪ್ರತಿಕಾಯಕ್ಕೆ ಅಂಟುವ ಕಿಣ್ವ. ಮತ್ತೆ ತೊಳೆದು, ಬಣ್ಣ ಬರಿಸುವ ದ್ರಾವಣ. ಐಎಲ್-6 ಇರುವ ಗುಳಿ ತಿಳಿನೀಲಿಯಾಗುತ್ತದೆ. ಆಮ್ಲ ಹಾಕಿ ನಿಲ್ಲಿಸಿದ ಕೂಡಲೇ ನೀಲಿ ಹಳದಿಗೆ ತಿರುಗುತ್ತದೆ; 450 ನ್ಯಾನೊಮೀಟರ್ ಬೆಳಕಿನಲ್ಲಿ ಅದರ ಗಾಢತೆಯನ್ನು ಯಂತ್ರ ಓದುತ್ತದೆ. ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ಅದೇ ತಟ್ಟೆಯಲ್ಲಿ ಓಡಿಸಿ, ಅವುಗಳ ಗೆರೆಯ ಮೇಲೆ ರೋಗಿಯ ಅಂಕಿಯನ್ನು ಕೂರಿಸುತ್ತಾರೆ. ಇದರಲ್ಲಿ ಕೈ ಸೋಲುವುದು ತೊಳೆಯುವ ಹಂತದಲ್ಲೇ. ಒಂದು ಗುಳಿಯಲ್ಲಿ ಕಿಣ್ವ ಉಳಿದರೂ ಅಲ್ಲಿ ಸುಳ್ಳು ಬಣ್ಣ ಏರುತ್ತದೆ. ಅದಕ್ಕಾಗಿ ಪ್ರತಿ ಮಾದರಿಯನ್ನೂ ಎರಡು ಗುಳಿಯಲ್ಲಿ ಹಾಕಿ, ಎರಡೂ ಹತ್ತಿರ ಬಂದರಷ್ಟೇ ಒಪ್ಪುತ್ತಾರೆ.

ತಟ್ಟೆ ತುಂಬುವಷ್ಟು ಮಾದರಿ ಸೇರಲಿ ಎಂದು ಲ್ಯಾಬು ಕಾದರೆ ವರದಿಗೆ ದಿನಗಳೇ ಹಿಡಿಯುತ್ತವೆ. ಗಂಟೆಗಳಲ್ಲಿ ಏರಿಳಿಯುವ ಐಎಲ್-6ನ್ನು ಮೂರು ದಿನ ತಡವಾಗಿ ತಿಳಿದು ಚಿಕಿತ್ಸೆಗೆ ಪ್ರಯೋಜನವಿಲ್ಲ. ದೊಡ್ಡ ಆಸ್ಪತ್ರೆಗಳು ಒಂದೊಂದೇ ಮಾದರಿಯನ್ನು ಅರ್ಧ ಗಂಟೆಯೊಳಗೆ ಓದುವ ಸ್ವಯಂಚಾಲಿತ ಯಂತ್ರ ಇಟ್ಟುಕೊಂಡಿರುವುದು ಇದಕ್ಕೇ.

ಅದಕ್ಕೂ ಮುಂಚೆ ಐಎಲ್-6ರ ಅಂಕಿ ಟ್ಯೂಬಿನಲ್ಲೇ ಕೆಡುತ್ತದೆ. ಮೈಯಿಂದ ಹೊರಬಂದ ರಕ್ತ ಸತ್ತಿರುವುದಿಲ್ಲ. ಬಿಳಿಕಣಗಳು ಟ್ಯೂಬಿನೊಳಗೂ ಸೈಟೊಕೈನ್ ತಯಾರಿಸುತ್ತವೆ, ಇದ್ದದ್ದನ್ನು ಹೀರಿಕೊಳ್ಳಲೂಬಹುದು. ಸೀರಂಗಾಗಿ ರಕ್ತ ಹೆಪ್ಪುಗಟ್ಟಲು ಬಿಟ್ಟರೆ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮಲ್ಲಿದ್ದ ಪ್ರೋಟೀನುಗಳನ್ನು ಸುರಿಯುತ್ತವೆ. ಆದ್ದರಿಂದ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಮೆಲ್ಲಗೆ ಎಂಟು ಹತ್ತು ಸಲ ತಲೆಕೆಳಗು ಮಾಡಿ, ಮಂಜುಗಡ್ಡೆಯ ಮೇಲಿಟ್ಟು, ಸಾಧ್ಯವಾದರೆ ಅರ್ಧ ಗಂಟೆಯಲ್ಲಿ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಬೇಕು. ಆ ದಿನವೇ ಪರೀಕ್ಷಿಸುವುದಿಲ್ಲವಾದರೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಪಾಲು ಮಾಡುವುದು ಏಕೆಂದರೆ ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಅಂಕಿ ಕೆಡುತ್ತದೆ. ಸಿಆರ್‌ಪಿಗೆ ಇಷ್ಟು ನಾಜೂಕು ಬೇಕಿಲ್ಲ. ಊರಿಂದೂರಿಗೆ ಹೋದರೂ ಅದು ಕೆಡುವುದಿಲ್ಲ.

ಹಾಗಾದರೆ ಐಎಲ್-6 ನೇರವಾಗಿ ಅಳೆದು ಪ್ರಯೋಜನವಾದದ್ದುಂಟೇ? ಉಂಟು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಹುಡುಗಿಗೆ ರಕ್ತದ ಕ್ಯಾನ್ಸರಿಗಾಗಿ ಕಾರ್-ಟಿ ಚಿಕಿತ್ಸೆ ಕೊಟ್ಟರು; ರೋಗಿಯದೇ ಟಿ ಎಂಬ ಬಿಳಿಕಣಗಳನ್ನು ತೆಗೆದು, ತಿದ್ದಿ, ಮತ್ತೆ ಒಳಬಿಡುವ ಚಿಕಿತ್ಸೆ ಅದು. ತಿದ್ದಿ ಒಳಬಿಟ್ಟ ಟಿ ಕಣಗಳು ಕ್ಯಾನ್ಸರಿನ ಮೇಲೆ ಎರಗಿದ ರಭಸಕ್ಕೆ ಅವಳು ವೆಂಟಿಲೇಟರ್ ಸೇರಿದಳು. ಸೈಟೊಕೈನ್ ಪರೀಕ್ಷೆಯಲ್ಲಿ ಐಎಲ್-6 ಸಾವಿರ ಪಟ್ಟಿನ ಆಸುಪಾಸಿಗೆ ಏರಿತ್ತು. ಸಂಧಿವಾತಕ್ಕೆ ಬಳಕೆಯಲ್ಲಿದ್ದ, ಜೀವಕೋಶದ ಮೇಲೆ ಐಎಲ್-6 ಬಂದು ಕೂರುವ ಗ್ರಾಹಕವನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಕೊಟ್ಟರು, ಹುಡುಗಿ ಬದುಕಿದಳು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ನಮ್ಮಲ್ಲಿ ಅನುಮತಿ ಸಿಕ್ಕಿತು. ಕಾರ್-ಟಿ ಪಡೆದವರಲ್ಲಿ ಈ ಅಪಾಯ ಎಲ್ಲೆಡೆ ಒಂದೇ, ಔಷಧವೂ ಅದೇ.

ಅದೇ ಔಷಧ ಕೊಟ್ಟ ಮೇಲೆ ವರದಿ ಓದುವಾಗ ದೊಡ್ಡ ಮೋಸವೊಂದಿದೆ. ಗ್ರಾಹಕ ಮುಚ್ಚಿಹೋದ್ದರಿಂದ ಐಎಲ್-6 ಜೀವಕೋಶದೊಳಗೆ ಹೋಗಿ ಕರಗುವುದು ತಪ್ಪಿ ರಕ್ತದಲ್ಲೇ ಉಳಿಯುತ್ತದೆ. ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಐಎಲ್-6 ಏರಿರುತ್ತದೆ. ಸಿಆರ್‌ಪಿಯದು ಇದಕ್ಕೆ ತದ್ವಿರುದ್ಧ: ಲಿವರಿಗೆ ಸುದ್ದಿ ಮುಟ್ಟದೆ ಅದು ನೆಲಕ್ಕಿಳಿಯುತ್ತದೆ, ಹೊಸ ಸೋಂಕು ಬಂದರೂ ಏಳುವುದಿಲ್ಲ. ಟೊಸಿಲಿಜುಮ್ಯಾಬ್ ಪಡೆದವರಲ್ಲಿ ‘ಸಿಆರ್‌ಪಿ ನಾರ್ಮಲ್, ಸೋಂಕಿಲ್ಲ’ ಎಂಬ ಮಾತು ವಾರಗಟ್ಟಲೆ ನಡೆಯದು.

ಕೋವಿಡ್ ಕಾಲದಲ್ಲಿ ಐಎಲ್-6 ಪರೀಕ್ಷೆಗೆ ಜನ ಸಾಲುಗಟ್ಟಿದರು. ಆದರೆ ಟೊಸಿಲಿಜುಮ್ಯಾಬ್ ಪ್ರಾಣ ಉಳಿಸುತ್ತದೆ ಎಂದು ತೋರಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗ, 4,116 ರೋಗಿಗಳನ್ನು ಆರಿಸಿಕೊಂಡದ್ದು ತಗ್ಗಿದ ಆಮ್ಲಜನಕ ಮತ್ತು 75 ಮುಟ್ಟಿದ ಸಿಆರ್‌ಪಿ ನೋಡಿ. ಐಎಲ್-6 ಅಲ್ಲಿ ಬೇಕಾಗಲಿಲ್ಲ. ಅಗ್ಗದ ಪರೀಕ್ಷೆ ದುಬಾರಿ ಪರೀಕ್ಷೆಯ ಕೆಲಸವನ್ನು ಪೂರ್ತಿ ಮಾಡಿತು.

ಟ್ಯೂಬಿನೊಳಗೇ ಪ್ರಶ್ನೆ ಕೇಳುವ ಪರೀಕ್ಷೆ

ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಸೈಟೊಕೈನ್ ಪರೀಕ್ಷೆ ಟಿಬಿಗೆ ಸಂಬಂಧಿಸಿದ್ದು: ಇಗ್ರಾ. ಅದು ರಕ್ತದಲ್ಲಿ ಈಗಾಗಲೇ ಇರುವ ಇಂಟರ್‌ಫೆರಾನ್-ಗಾಮಾ ಎಂಬ ಸೈಟೊಕೈನನ್ನು ಹುಡುಕುವುದಿಲ್ಲ. ಬಿಳಿಕಣಗಳಿಗೆ ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ತುಣುಕು ತೋರಿಸಿ, ಇದರ ಪರಿಚಯವಿದೆಯೇ ಎಂದು ಕೇಳುತ್ತದೆ. ಪರಿಚಯವಿದ್ದರೆ ಅವು ಇಂಟರ್‌ಫೆರಾನ್ ಸುರಿಸುತ್ತವೆ. ಬಿಸಿಜಿ ಲಸಿಕೆಯಲ್ಲಿ ಈ ತುಣುಕುಗಳಿಲ್ಲವಾದ್ದರಿಂದ ಲಸಿಕೆ ಹಾಕಿಸಿಕೊಂಡವರಲ್ಲಿ ಗೊಂದಲವಾಗದು. ನಾಲ್ಕು ಟ್ಯೂಬು, ಒಂದೊಂದಕ್ಕೂ 1 ಮಿಲಿಲೀಟರ್ ರಕ್ತ, ಹತ್ತು ಸಲ ಅಲುಗಿಸಿ ಒಳಗೋಡೆ ಪೂರ್ತಿ ರಕ್ತ ಹರಿಯುವಂತೆ ಮಾಡುವುದು, 16 ಗಂಟೆಯೊಳಗೆ 37 ಡಿಗ್ರಿಯ ಇನ್‌ಕ್ಯುಬೇಟರಿಗೆ, ಅಲ್ಲಿ 16ರಿಂದ 24 ಗಂಟೆ. ಫ್ರಿಜ್ಜಿನಲ್ಲಿಟ್ಟರೆ ಕಣಗಳು ಮಂಕಾಗುತ್ತವೆ. ಆಗ ಯಾವ ಕಣವೂ ಉತ್ತರಿಸಲೇಬೇಕಾದ ಮೈಟೊಜನ್ ಟ್ಯೂಬೂ ಮೌನವಾಗಿ ವರದಿ ‘ನಿರ್ಣಯಿಸಲಾಗದು’ ಎಂದು ಬರುತ್ತದೆ. ಜೋರಾಗಿ ಕುಲುಕಿದರೆ ಜೆಲ್ ಕದಡಿ ಅದೂ ಕೆಡುತ್ತದೆ. ಪಾಸಿಟಿವ್ ಬಂದರೆ ಟಿಬಿ ಬ್ಯಾಕ್ಟೀರಿಯಾ ಮೈಗೆ ಸೇರಿದ್ದುಂಟು ಎಂದಷ್ಟೇ ಅರ್ಥ. ಅದು ಮಲಗಿದೆಯೋ ಎದ್ದಿದೆಯೋ ತಿಳಿಯಲು ಕಫ ಮತ್ತು ಎಕ್ಸ್‌ರೇ ಬೇಕು.

ಫೆರಿಟಿನ್, ಬಯೋಟಿನ್, ಮತ್ತೆ ಕೆಲವು

ರಕ್ತಹೀನತೆ ಇರುವ ಹೆಂಗಸಿನ ಫೆರಿಟಿನ್ 45 ಬಂದರೆ ಕಬ್ಬಿಣ ಸಾಕಷ್ಟಿದೆ ಎಂದು ಮಾತ್ರೆ ನಿಲ್ಲಿಸುವುದುಂಟು. ಕಬ್ಬಿಣ ಕೂಡಿಡುವ ಫೆರಿಟಿನ್ ಉರಿಯೂತದಲ್ಲಿ ತಾನಾಗಿಯೇ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ. ಸೋಂಕು ಅಥವಾ ಉರಿಯೂತ ಇದ್ದಾಗ ಆ ಗಡಿ 70. ಅದೇ ದಿನ ಸಿಆರ್‌ಪಿ ನೋಡದೆ ಫೆರಿಟಿನ್ ಓದಿದರೆ ಕೊರತೆ ಕಣ್ತಪ್ಪುತ್ತದೆ. ಇದು ನಮ್ಮ ಮನೆಗಳ ಹೆಣ್ಣುಮಕ್ಕಳ ವಿಷಯ, ಕಡೆಗಣಿಸಬಾರದು.

ಕೂದಲು ಉದುರುವುದಕ್ಕೆಂದು 5, 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುವವರು ರಕ್ತ ಕೊಡುವಾಗ ಹೇಳಲೇಬೇಕು. ಹಲವು ಯಂತ್ರಗಳು ಬಯೋಟಿನ್ ಕೊಂಡಿಯನ್ನೇ ನಂಬಿ ಕೆಲಸ ಮಾಡುತ್ತವೆ. ಐಎಲ್-6ನಂಥ ಪರೀಕ್ಷೆಯಲ್ಲಿ ಅಂಕಿ ಸುಳ್ಳಾಗಿ ತಗ್ಗುತ್ತದೆ. ಸಂಧಿವಾತದವರ ರಕ್ತದಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್ ಎರಡು ಪ್ರತಿಕಾಯಗಳನ್ನು ತಾನೇ ಕೂಡಿಸಿ ಸುಳ್ಳಾಗಿ ಏರಿಸಬಲ್ಲದು. ಲಿವರ್ ಸೋತವರಲ್ಲಿ ಸಿಆರ್‌ಪಿ ಏರಬೇಕಾದಷ್ಟು ಏರದು. ಮ್ಯಾರಥಾನ್ ಓಡಿ ಬಂದವರ ಐಎಲ್-6 ಯಾವ ಕಾಯಿಲೆಯೂ ಇಲ್ಲದೆ ಹತ್ತಾರು ಪಟ್ಟು ಏರಿರುತ್ತದೆ, ಏಕೆಂದರೆ ದುಡಿಯುವ ಸ್ನಾಯುವೂ ಅದನ್ನು ತಯಾರಿಸುತ್ತದೆ.

ಹೃದಯದ ಅಪಾಯ ಅಂದಾಜು ಮಾಡುವ ಹೈ-ಸೆನ್ಸಿಟಿವಿಟಿ ಸಿಆರ್‌ಪಿಯನ್ನು ಆರೋಗ್ಯವಾಗಿರುವಾಗ ಮಾತ್ರ ಮಾಡಿಸಬೇಕು: 1ಕ್ಕಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂದು ಮೂರು ಹಂತ. 10 ದಾಟಿದರೆ ಹೃದಯದ ಮಾತು ಬಿಟ್ಟು, ಎರಡು ವಾರ ಕಳೆದು ಮತ್ತೆ ಮಾಡಿಸಬೇಕು. ನೆಗಡಿಯೋ ಹಲ್ಲಿನ ಕೀವೋ ಇದ್ದಿರಬಹುದು. ‘ಪೂರ್ತಿ ಸೈಟೊಕೈನ್ ಪ್ಯಾನೆಲ್’ ಎಂದು ಆರೋಗ್ಯವಂತರಿಗೆ ಮಾರುವ ಪ್ಯಾಕೇಜಿಗೆ ಹಣ ಹಾಕುವುದು ಬೇಡ. ಒಂದು ಕಿಟ್ಟಿನ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ, ಬಂದ ಅಂಕಿಯಿಂದ ಮಾಡಬೇಕಾದ ಚಿಕಿತ್ಸೆಯೂ ಇಲ್ಲ.

ರಕ್ತ ಕೊಡಲು ಹೋಗುವಾಗ ಚೀಟಿಯ ಹಿಂದೆ ನಾಲ್ಕು ವಿಷಯ ಬರೆದುಕೊಂಡು ಹೋಗಿ: ಜ್ವರವೋ ನೋವೋ ಶುರುವಾದ ದಿನ ಮತ್ತು ಗಂಟೆ, ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ತೆಗೆದುಕೊಂಡ ಹೊತ್ತು, ಸ್ಟೀರಾಯ್ಡ್, ಟೊಸಿಲಿಜುಮ್ಯಾಬ್, ಬಯೋಟಿನ್ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು, ಹಿಂದಿನ ಸಿಆರ್‌ಪಿ ಎಷ್ಟು, ಯಾವ ಲ್ಯಾಬಿನದು. ಎರಡನೆಯ ಸಲವೂ ಅದೇ ಲ್ಯಾಬಿನಲ್ಲಿ ಕೊಡಿ.